ಎಡಗಾಲಿನ ಕೆಲಸ

ಪೀಣ್ಯದ ಆಫೀಸಿನ ಮೇಜಿನ ಮೇಲೆ
ಎರಡು ಫೈಲು, ಒಂದೇ ಸೀಲು:
"ಗೇರ್ ಇಲ್ಲದ ಗಾಡಿಗೆ ಮಾತ್ರ."
ಒಂದು ನನ್ನದು. ಚೌರಪ್ಪ, ಐವತ್ತೆಂಟು,
ಎಡ ಮೊಣಕಾಲು ಸವೆದಿದೆಯೆಂದು ಕಂಪನಿ ಡಾಕ್ಟರು.
ಇನ್ನೊಂದು ದ್ರಾಕ್ಷಾಯಣಿಯದು, ಇಪ್ಪತ್ತಮೂರು,
ಕಲಿತದ್ದೇ ಕರೆಂಟಿನ ಲಾರಿಯಲ್ಲಿ,
ಅವಳ ಕಾಲು ಕ್ಲಚ್ಚನ್ನು ಕಂಡೇ ಇಲ್ಲ.

ಅವಳಿಗೆ ಇನ್ನೂ ಬಂದಿಲ್ಲ, ನನಗೆ ಬಂದು ಹೋಯಿತು.
ಸೀಲಿಗೆ ಎರಡೂ ಒಂದೇ.

ಹೊಸ ಲಾರಿ ಒಳ್ಳೆಯದು, ಸುಳ್ಳು ಹೇಳಬಾರದು.
ಸದ್ದಿಲ್ಲ, ಹೊಗೆಯಿಲ್ಲ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ
ಮುಕ್ಕಾಲು ಗಂಟೆ ತೆವಳಿದರೂ ತೊಡೆ ನಡುಗುವುದಿಲ್ಲ.
ಆದರೂ ಹಸಿರು ಬಿದ್ದಾಗಲೆಲ್ಲ
ನನ್ನ ಎಡಗಾಲು ಬರೀ ಮ್ಯಾಟನ್ನು ಒತ್ತುತ್ತದೆ,
ಮನೆ ಬದಲಿಸಿದ ಮೇಲೂ
ಹಳೇ ಜಾಗದಲ್ಲೇ ಸ್ವಿಚ್ಚು ತಡಕುವ ಕೈಯ ಹಾಗೆ.
ಆ ಕಾಲಿನ ಮೀನಖಂಡ ಬಲಕ್ಕಿಂತ ಒಂದು ಬೆರಳು ದಪ್ಪ.
ನನ್ನ ದರ್ಜಿಗೆ ಗೊತ್ತು. ಡಾಕ್ಟರು ಬರೆದುಕೊಳ್ಳಲಿಲ್ಲ.

ಅದಕ್ಕೆ ವಿದ್ಯೆ ಕೊಟ್ಟವರು ಖಲಂದರ್ ಉಸ್ತಾದ್.
ಆರು ವರ್ಷ ಕ್ಲೀನರ್ ನಾನು,
ಚಕ್ರಕ್ಕೆ ಕಲ್ಲು ಕೊಟ್ಟು, ಗಾಜು ಒರೆಸಿ,
"ಬರ್ಲಿ ಬರ್ಲಿ, ರೈಟ್" ಎಂದು ಗಂಟಲು ಹರಿದುಕೊಂಡು.
ಏಳನೇ ವರ್ಷ, ಕಲಾಸಿಪಾಳ್ಯದಲ್ಲಿ ಸಾಮಾನು ತುಂಬಿದ ಒಂದು ರಾತ್ರಿ,
ನೆಲಮಂಗಲ ದಾಟಿದ ಮೇಲೆ ಸ್ಟೇರಿಂಗ್ ಬಿಟ್ಟುಕೊಟ್ಟರು.
"ಗೇರು ಕಿವಿಯಲ್ಲಿರುತ್ತೆ ಕಣೋ.
ಇಂಜಿನ್ನು ಕೇಳೋದನ್ನ ಮೊದಲು ಕೇಳಿಸ್ಕೊ,
ಆಮೇಲೆ ಕೊಡು."
ತಪ್ಪಿದಾಗ ಡಬ್ಬಿ ಕರಕರ ಹಲ್ಲು ಕಡಿಯುತ್ತಿತ್ತು.
ಉಸ್ತಾದ್ ನನ್ನನ್ನು ಬಯ್ಯದೆ, ಡ್ಯಾಶ್‌ಬೋರ್ಡು ತಟ್ಟಿ,
"ಮಾಫ್ ಮಾಡಮ್ಮ" ಅನ್ನುತ್ತಿದ್ದರು.

ದ್ರಾಕ್ಷಾಯಣಿಯ ಸಂಬಳ ನನ್ನಷ್ಟೇ. ಆದರೂ ಬಂದು ಕೇಳಿದಳು:
"ಅಂಕಲ್, ನಂಗೆ ಗೇರ್ ಹೇಳ್ಕೊಡ್ತೀರಾ?
ನಾಳೆ ಈ ಕಂಪನಿ ಬಾಗಿಲು ಹಾಕಿದ್ರೆ ಎಲ್ಲಿಗೆ ಹೋಗ್ಲಿ?
ಊರಲ್ಲಿರೋ ಲಾರಿಗೆಲ್ಲ ಮೂರು ಪೆಡಲ್ಲು."

ಭಾನುವಾರ. ದಾಸನಪುರ ಮಾರುಕಟ್ಟೆಯ ಹಿಂದಿನ ಬಯಲು.
ಈರುಳ್ಳಿ ಸಿಪ್ಪೆ, ಹರಿದ ತಾಡಪಾಲು, ಎರಡು ನಾಯಿ.
ನನ್ನ ಷಡ್ಡಕನ ಹಳೇ ಲಾರಿ,
ಬೆನ್ನ ಮೇಲಿನ "ಪ್ರಧಾನ" ಅಳಿಸಿ "ನಿಧಾನವೇ" ಅಷ್ಟೇ ಉಳಿದದ್ದು.
ನಾನು ಕ್ಲೀನರ್ ಸೀಟಿನಲ್ಲಿ,
ಮೂವತ್ತಾರು ವರ್ಷದ ಮೇಲೆ.

ಎಂಟು ಸಲ ಆಫ್ ಮಾಡಿದಳು. ಒಂಬತ್ತನೇ ಸಲ
ಲಾರಿ ಕಪ್ಪೆಯಂತೆ ಹಾರಿತು, ನಾಯಿಗಳು ಬೇರೆ ಕಡೆ ಮಲಗಲು ಹೋದವು.
ಕಾಲು ನೆನಪಾದರೆ ಕೈ ಮರೆಯುತ್ತಾಳೆ,
ಕೈ ನೆನಪಾದರೆ ಕಾಲು.
"ಕೈ ಬಿಡು," ಅಂದೆ. "ನೀನು ಕಾಲು ನೋಡ್ಕೊ,
ರಾಡು ನನಗಿರ್ಲಿ."

ಅವಳು ತುಳಿದಳು, ನಾನು ಹಾಕಿದೆ.
ಅವಳು ಬಿಟ್ಟಳು, ಲಾರಿ ಹೊರಟಿತು.
ಸೆಕೆಂಡು.
ಥರ್ಡು.
ಇಂಜಿನ್ನು ಕೇಳಿದಾಗ
ಅವಳ ಕಾಲಿಗೂ ನನ್ನ ಕೈಗೂ ಒಟ್ಟಿಗೇ ಕೇಳಿಸತೊಡಗಿತು.
ಸೀಲು ಬಿದ್ದ ಇಬ್ಬರು ಸೇರಿ
ಒಬ್ಬ ಇಡೀ ಡ್ರೈವರಾಗಿ
ಬಯಲನ್ನು ಎರಡು ಸುತ್ತು ಹಾಕಿದೆವು.

ಮೂರನೇ ಸುತ್ತಿಗೆ ನನ್ನ ಕೈ ತೆಗೆದೆ, ಹೇಳಲಿಲ್ಲ.
ಅವಳ ಕೈ ಬಂದು ಅಲ್ಲಿ ಕೂತಿತು,
ಗುಂಡಿ ಇನ್ನೂ ನನ್ನ ಅಂಗೈಯ ಬಿಸಿಯಲ್ಲಿರುವಾಗಲೇ.
ಫೋರ್ತಿಗೆ ಹೋಗುವಾಗ ಡಬ್ಬಿ ಕರಕರ ಅಂದಿತು.
ಡ್ಯಾಶ್‌ಬೋರ್ಡು ತಟ್ಟಿ, "ಮಾಫ್ ಮಾಡಮ್ಮ" ಅಂದೆ.
"ಯಾರಿಗೆ ಹೇಳ್ತಿದ್ದೀರಾ ಅಂಕಲ್?"
"ಮುಂದೆ ನೋಡು."

ಸೋಮವಾರ ಮತ್ತೆ ಅದೇ ಸೀಲು, ಸದ್ದಿಲ್ಲದ ಲಾರಿ.
ಗೊರಗುಂಟೆಪಾಳ್ಯದಲ್ಲಿ ಪಕ್ಕದ ಸಾಲಿಗೆ ಬಂದು ನಿಂತಳು.
ನನ್ನನ್ನು ನೋಡಲಿಲ್ಲ, ಬಾಯಲ್ಲಿ ಚಿಕ್ಕಿ.
ಹಸಿರು ಬಿತ್ತು.
ಗಾಜಿನಾಚೆ ಅವಳ ಎಡ ಭುಜ
ಒಂಚೂರು ಕೆಳಗಿಳಿದು, ಮೇಲೆದ್ದಿತು.